ಮುಖಕ್ಕೆ ನೆರಳೂ ಬೇಕು: ಭಾವಚಿತ್ರದ ಬೆಳಕು, ಎಡಿಟಿಂಗ್ ಮತ್ತು ಪ್ರಾಜೆಕ್ಟ್ ಪುಸ್ತಕ

ಕ್ಯಾಮೆರಾ ಸದ್ಯಕ್ಕೆ ಬ್ಯಾಗಿನಲ್ಲೇ ಇರಲಿ. ಫೋಟೊ ತೆಗೆಯುವ ಜಾಗದಲ್ಲಿ ನಿಂತು ಮುಷ್ಟಿ ಹಿಡಿದು, ತೋಳು ಚಾಚಿ, ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಒಂದು ಕಡೆ ತಿರುಗಿದಾಗ ಬೆರಳಿನ ಗೆಣ್ಣುಗಳೆಲ್ಲ ಸಪಾಟಾಗಿ ಕಾಣುತ್ತವೆ. ಇನ್ನೊಂದು ಕಡೆ ಪ್ರತಿ ಗೆಣ್ಣಿಗೂ ಒಂದು ಮಗ್ಗುಲು ಬೆಳಕು, ಒಂದು ಮಗ್ಗುಲು ನೆರಳು ಬಂದು ಕೈ ದುಂಡಗೆ ಕಾಣುತ್ತದೆ. ಕೂರುವವರ ಮುಖ ಆ ಎರಡನೆಯ ದಿಕ್ಕಿಗಿರಬೇಕು.

ಫೋಟೊಗ್ರಫಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಮುಖ ಚಪ್ಪಟೆಯಾಗಿ ಬರುವುದಕ್ಕೆ ಬಹಳ ಸಲ ಒಂದೇ ಕಾರಣ. ನೆರಳು ಎಲ್ಲಿ ಬೀಳಬೇಕೆಂದು ತೆಗೆಯುವ ಮೊದಲು ಯಾರೂ ತೀರ್ಮಾನಿಸಿರುವುದಿಲ್ಲ, ತೆಗೆದ ಮೇಲೆ ಇದ್ದಬದ್ದ ನೆರಳನ್ನೂ ಕಂಪ್ಯೂಟರಿನಲ್ಲಿ ಒರೆಸಿಬಿಡುತ್ತಾರೆ. ಹಾಗಾಗಿ ಲೈಟಿಂಗ್, ಎಡಿಟಿಂಗ್ ಎರಡನ್ನೂ ಒಂದೇ ಕೆಲಸ ಅಂತಲೇ ಹಿಡಿದು ನೋಡೋಣ.

ಕಿಟಕಿ, ಪಂಚೆ, ಕಂಬಳಿ

ಉತ್ತರದ ಕಿಟಕಿ ಹುಡುಕಿ, ಅಲ್ಲಿ ನೇರ ಬಿಸಿಲು ಬರುವುದಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಯುರೋಪಿಗೆ ಅದು ಬಹುಮಟ್ಟಿಗೆ ಸರಿ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೆಳಿಗ್ಗೆ, ಸಂಜೆಯಂತೂ ಉತ್ತರದ ಕಿಟಕಿಯಿಂದ ಓರೆ ಬಿಸಿಲು ಒಳಗೇ ಬೀಳುತ್ತದೆ. ಜೂನ್‌ನಲ್ಲಿ ಪ್ರಾಜೆಕ್ಟ್ ಇದ್ದರೆ ಹಿಂದಿನ ದಿನವೇ ಅದೇ ಹೊತ್ತಿಗೆ ಹೋಗಿ ಕಿಟಕಿ ನೋಡಿಕೊಂಡು ಬನ್ನಿ. ದಸರೆಯಿಂದ ಯುಗಾದಿವರೆಗೆ ಆ ಚಿಂತೆ ಇಲ್ಲ.

ಬಿಸಿಲು ಬರುವ ಕಿಟಕಿಗೆ ತೆಳುವಾದ ಬಿಳಿ ಹತ್ತಿ ಪಂಚೆಯನ್ನು ಒಂದೇ ಪದರವಾಗಿ ಕಟ್ಟಿದರೆ ಸಾಕು, ಅದೇ ನಿಮ್ಮ ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಮೆತ್ತಗೆ ಹರಡುವ ಪೆಟ್ಟಿಗೆ. ಒಂದರಿಂದ ಎರಡು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ನಷ್ಟವಿಲ್ಲ. ಆದರೆ ಪಂಚೆಯ ಬಣ್ಣದ ಅಂಚು ಕಿಟಕಿಗೆ ಅಡ್ಡ ಬರದಂತೆ ಮಡಚಿ. ಹಸಿರು ಅಂಚಿನ ಮೂಲಕ ಬಂದ ಬೆಳಕು ಗದ್ದದ ಹತ್ತಿರ ಹಸಿರು ಛಾಯೆಯಾಗಿ ಕೂರುತ್ತದೆ. ನೀಲಿ ಹಾಕಿ ಒಗೆದ ಬಟ್ಟೆಯಾದರೆ ಚಿತ್ರದ ಬಣ್ಣ ತುಸು ನೀಲಿಗೆ ವಾಲಬಹುದು. ಅದಕ್ಕೆ ಮೊದಲ ಫ್ರೇಮಿನಲ್ಲಿ ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿಹೊಂದಿಸಲು ಬಳಸುವ ಬೂದು ರಟ್ಟು) ಹಿಡಿಸಿದರೆ ಆಯಿತು.

ಕುರ್ಚಿಯನ್ನು ಕಿಟಕಿಯ ನಡುವಿಗೆ ನೇರವಾಗಿ ಇಡಬೇಡಿ. ಕಿಟಕಿಯಿಂದ ಮೂರು ಅಡಿ ದೂರ, ಅದರ ಚೌಕಟ್ಟಿನ ಅಂಚಿಗಿಂತ ಅರ್ಧ ಅಡಿ ಹಿಂದಕ್ಕೆ ಇಟ್ಟರೆ ಬೆಳಕು ಮುಖದ ಮೇಲೆ ಸವರಿಕೊಂಡು ಹೋಗುತ್ತದೆ. ಕೋಣೆಯ ಟ್ಯೂಬ್‌ಲೈಟ್, ಬಲ್ಬು ಎಲ್ಲ ಆರಿಸಿ. ಕಿಟಕಿ ನೆಲದವರೆಗೂ ಇದ್ದರೆ ಕೂತವರ ಎದೆಮಟ್ಟದವರೆಗೆ ರಟ್ಟಿನಿಂದ ಮುಚ್ಚಿ. ಅಂಗಳದಿಂದ ಪುಟಿದು ಬರುವ ಬೆಳಕು ಗದ್ದದ ಕೆಳಗಿನಿಂದ ಹೊಡೆಯುತ್ತದೆ, ಕೆಮ್ಮಣ್ಣಿನ ಅಂಗಳವಾದರೆ ಕುತ್ತಿಗೆಯೇ ಕಿತ್ತಳೆ ಆಗುತ್ತದೆ.

ಈಗ ಮುಖ ತಿರುಗಿಸುವ ಕೆಲಸ. "ಅಜ್ಜಾ, ಮೂಗು ಸ್ವಲ್ಪ ಕಿಟಕಿ ಕಡೆ... ಇನ್ನೊಂಚೂರು... ಅಷ್ಟೇ ಅಷ್ಟೇ" ಅನ್ನುತ್ತಾ ದೂರದ ಕೆನ್ನೆಯನ್ನೇ ನೋಡುತ್ತಿರಿ. ಮುಖ ಪೂರ್ತಿ ಕ್ಯಾಮೆರಾ ಕಡೆಗಿದ್ದಾಗ ಆ ಕೆನ್ನೆ ಕತ್ತಲು. ತಿರುಗುತ್ತಾ ಹೋದಂತೆ ಮೂಗಿನ ನೆರಳು ಕೆನ್ನೆಯ ನೆರಳನ್ನು ಸೇರಿ, ಕಣ್ಣಿನ ಕೆಳಗೆ ಒಂದು ಸಣ್ಣ ಬೆಳಕಿನ ತ್ರಿಕೋನ ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಲ್ಲಿ ಕರೆಯುವ ಬೆಳಕು ಇದೇ. ತ್ರಿಕೋನ ಕಣ್ಣಿಗಿಂತ ಅಗಲವಾಗಬಾರದು, ಮೂಗಿಗಿಂತ ಕೆಳಗೆ ಇಳಿಯಬಾರದು. ಇನ್ನಷ್ಟು ತಿರುಗಿಸಿದರೆ ಮೂಗಿನ ನೆರಳು ಕೆನ್ನೆಯಿಂದ ಬಿಡಿಸಿಕೊಂಡು ಚಿಕ್ಕ ಕೊಕ್ಕೆಯಂತೆ ನಿಲ್ಲುತ್ತದೆ, ಅದು ಲೂಪ್. ಹೆಚ್ಚಿನ ಮುಖಗಳಿಗೆ ಲೂಪ್ ಒಪ್ಪುತ್ತದೆ. ಸುಕ್ಕು, ಗಡ್ಡ, ಗಟ್ಟಿ ಮೂಳೆಯ ಮುಖಕ್ಕೆ ರೆಂಬ್ರಾಂಟ್. ಕಣ್ಣು ಆಳದಲ್ಲಿದ್ದವರಿಗೆ ಬೆಳಕು ಮೇಲಿದ್ದಷ್ಟೂ ಕಣ್ಣಿನ ಗುಳಿ ಕಪ್ಪಾಗುತ್ತದೆ. ಅವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ.

ನೆರಳಿನ ಮಗ್ಗುಲಿಗೆ ಬೆಳಕು ಪುಟಿಸಲು ಎರಡಡಿ ದೂರದಲ್ಲಿ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಎಷ್ಟು ಹತ್ತಿರ ಅನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ಕ್ಯಾಮೆರಾದಲ್ಲಿ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕು ಮಾತ್ರ ಅಳೆಯುವ ಸೆಟ್ಟಿಂಗ್) ಹಾಕಿ ಎರಡೂ ಕೆನ್ನೆ ಅಳೆಯಿರಿ. ಮಕ್ಕಳಿಗೆ ಒಂದು ಸ್ಟಾಪ್ ವ್ಯತ್ಯಾಸ ಸಾಕು, ದೊಡ್ಡವರಿಗೆ ಒಂದೂವರೆಯಿಂದ ಎರಡು. ಮೂರು ದಾಟಿದರೆ ಪ್ರಿಂಟಿನಲ್ಲಿ ಅರ್ಧ ಮುಖ ಮಸಿಯಾಗುತ್ತದೆ. ಇನ್ನು ಕೆಲವು ಮನೆಗಳಲ್ಲಿ ಸಮಸ್ಯೆ ಇದಕ್ಕೆ ಉಲ್ಟಾ. ಸಣ್ಣ ಕೋಣೆ, ಬಿಳಿ ಗೋಡೆ, ಎಲ್ಲ ಕಡೆಯಿಂದಲೂ ಬೆಳಕು ಪುಟಿದು ನೆರಳೇ ನಿಲ್ಲುವುದಿಲ್ಲ. ಆಗ ಥರ್ಮಾಕೋಲ್ ಜಾಗಕ್ಕೆ ಕರಿ ಕಂಬಳಿ ತೂಗುಹಾಕಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಯಷ್ಟು ಚೆನ್ನಾಗಿ ಅಂಗಡಿಯ ಕಪ್ಪು ಪಾಲಿಯೆಸ್ಟರ್ ಬೆಳಕು ನುಂಗುವುದಿಲ್ಲ, ಅದು ಮಿರುಗುತ್ತದೆ. ಪಿಸ್ತಾ ಹಸಿರು, ಗುಲಾಬಿ ಬಣ್ಣ ಬಳಿದ ಗೋಡೆಗೂ ಇದೇ ಮದ್ದು. ಗೋಡೆಯ ಹಸಿರು ನೆರಳಿನ ಕೆನ್ನೆಯಲ್ಲಿ ಮಾತ್ರ ಕೂತರೆ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಸರಿಹೊಂದಿಸುವ ಸೆಟ್ಟಿಂಗ್) ಎಷ್ಟು ತಿರುವಿದರೂ ಎರಡು ಕೆನ್ನೆಗೆ ಒಂದೇ ಬಣ್ಣ ಬರುವುದಿಲ್ಲ.

50 ಎಂಎಂ ಲೆನ್ಸ್ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರಿನ) ಕ್ಯಾಮೆರಾದಲ್ಲಿ ಭಾವಚಿತ್ರಕ್ಕೆ ಹದವಾಗಿ ಬರುತ್ತದೆ. ಐದಡಿಗಿಂತ ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಸಣ್ಣ. ಎಫ್/1.8 ಇದೆಯೆಂದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು) ಅದರಲ್ಲೇ ತೆಗೆದರೆ, ಒಂದೂವರೆ ಮೀಟರ್ ದೂರದಲ್ಲಿ ಫೋಕಸ್ ನಿಲ್ಲುವ ಆಳ ಸುಮಾರು 6 ಸೆಂಟಿಮೀಟರ್ ಅಷ್ಟೇ. ಹತ್ತಿರದ ಕಣ್ಣು ಚೊಕ್ಕ, ದೂರದ ಕಣ್ಣು ಮಂಜು. ಎಫ್/4ಕ್ಕೆ ಬಂದರೆ ಅದು 13-14 ಸೆಂಟಿಮೀಟರ್ ಆಗಿ ಮೂಗಿನ ತುದಿಯಿಂದ ಕಿವಿಯ ಹತ್ತಿರದವರೆಗೆ ಹಿಡಿಯುತ್ತದೆ. ಶಟರ್ 1/125, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 400ರಿಂದ 800, ಫೈಲ್ ರಾ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್), ಫೋಕಸ್ ಹತ್ತಿರದ ಕಣ್ಣಿಗೆ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಕೊಡಬೇಕು ಎಂಬ ವಿಷಯಕ್ಕೆ ಬಂದರೆ, ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಎಲ್ಲವೂ ಮಧ್ಯಮ ಬೂದು. ಕಪ್ಪು ಮೈಬಣ್ಣದ ಮುಖ ಫ್ರೇಮ್ ತುಂಬಿದರೆ ಅದು ಹೆಚ್ಚು ಬೆಳಕು ಕೊಟ್ಟುಬಿಡುತ್ತದೆ, ಬಿಳಿ ಅಂಗಿ ಫ್ರೇಮ್ ತುಂಬಿದರೆ ಕಡಿಮೆ. ನಮ್ಮ ಕಡೆಯ ಹಿರಿಯರ ಚಿತ್ರದಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ: ಬಿಸಿಲಿಗೆ ಕಂದಿದ ಮುಖ, ಹಣೆ ತುಂಬ ವಿಭೂತಿ, ಬೆಳ್ಳನೆ ಅಂಗಿ, ಹೆಗಲಿಗೆ ಟವೆಲ್. ಹೈಲೈಟ್ ಎಚ್ಚರಿಕೆ (ಬೆಳಕು ಮಿತಿಮೀರಿದ ಜಾಗವನ್ನು ಪರದೆಯ ಮೇಲೆ ಮಿಣುಕಿಸಿ ತೋರಿಸುವ ಸೆಟ್ಟಿಂಗ್) ಆನ್ ಮಾಡಿ, ವಿಭೂತಿ ಮಿಣುಕದ ಮಟ್ಟಕ್ಕೆ ಎಕ್ಸ್‌ಪೋಷರ್ ಇಳಿಸಿ. ಅಂಗಿ ಇನ್ನೂ ಮಿಣುಕುತ್ತಿದ್ದರೆ ಕಿಟಕಿಗೂ ಎದೆಗೂ ನಡುವೆ, ಫ್ರೇಮಿಗೆ ಬೀಳದಂತೆ, ಒಂದು ರಟ್ಟು ಹಿಡಿಸಿ. ಮುಖದ ಬೆಳಕು ಹಾಗೇ ಉಳಿದು ಅಂಗಿ ಅರ್ಧದಿಂದ ಒಂದು ಸ್ಟಾಪ್ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಮಾಸ್ಕ್ ಎಳೆದು ಅಂಗಿಯನ್ನಷ್ಟೇ ಬೇರ್ಪಡಿಸಿ ತಿದ್ದುವ ಕೆಲಸವನ್ನು ರಟ್ಟು ಎರಡು ಸೆಕೆಂಡಿನಲ್ಲಿ ಮಾಡುತ್ತದೆ.

ಮುಖದ ಎಣ್ಣೆ ಹೊಳಪಿಗೆ ಪೌಡರ್ ಬೇಡ, ಟಿಶ್ಯೂ ಒತ್ತಿ ತೆಗೆಯಿರಿ. ಕಂದು ಮೈಬಣ್ಣದ ಮೇಲೆ ಟಾಲ್ಕಂ ಪೌಡರ್ ಕ್ಯಾಮೆರಾಕ್ಕೆ ಬೂದಿ ಬಣ್ಣವಾಗಿ ಕಾಣುತ್ತದೆ.

ದುರ್ಗದ ಬಂಡೆ, ಭಟ್ಟಿಯ ಬಾಗಿಲು

ಹೊರಾಂಗಣಕ್ಕೆ ಚಿತ್ರದುರ್ಗದಷ್ಟು ಅನುಕೂಲದ ಊರು ಕಡಿಮೆ. ಅಲ್ಲಿನ ಗುಂಡುಬಂಡೆಗಳೇ ಲೈಟ್. ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ದೊಡ್ಡ ಬಂಡೆಯೊಂದರ ನೆರಳಿನಲ್ಲಿ, ಎದುರಿಗೆ ಹತ್ತು ಹದಿನೈದು ಅಡಿ ದೂರದಲ್ಲಿ ಬಿಸಿಲು ಬಿದ್ದ ಇನ್ನೊಂದು ಬಂಡೆ ಇರುವಂತೆ ಜಾಗ ಆರಿಸಿ. ಬಿಸಿಲಿನ ಬಂಡೆ ದೊಡ್ಡ ರಿಫ್ಲೆಕ್ಟರ್ ಆಗಿ ನೆರಳಿನಲ್ಲಿ ಕೂತವರ ಮುಖಕ್ಕೆ ಮೆತ್ತನೆಯ, ತುಸು ಬೆಚ್ಚನೆಯ ಬೆಳಕು ಕೊಡುತ್ತದೆ. ನೆರಳಿನ ಅಂಚಿನಿಂದ ಎರಡು ಹೆಜ್ಜೆ ಒಳಗಿರಲಿ; ಅಂಚಿನಲ್ಲೇ ಕೂರಿಸಿದರೆ ಸೂರ್ಯ ಸರಿದಂತೆ ಕಿವಿಯ ಮೇಲೆ, ಭುಜದ ಮೇಲೆ ಬಿಸಿಲಿನ ತೇಪೆ ಬೀಳುತ್ತದೆ. ಈ ಭಾಗದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು 12:25ಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಮುಖ ತೆಗೆಯುವುದು ವ್ಯರ್ಥ, ಹುಬ್ಬಿನ ನೆರಳು ಕಣ್ಣನ್ನೇ ನುಂಗುತ್ತದೆ. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯನ ಎತ್ತರ 52 ಡಿಗ್ರಿ ಆಸುಪಾಸು, ಅಷ್ಟು ಕಷ್ಟವಿಲ್ಲ.

ಕೋಟೆಯ ಒಳಗಾದರೆ ಟ್ರೈಪಾಡ್, ಲೈಟ್ ಸ್ಟ್ಯಾಂಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ಕೈಯಲ್ಲಿ ಹಿಡಿದೇ ಕೆಲಸ ಮುಗಿಸುವುದು ಸಲೀಸು. ಬ್ಯಾಗಿನ ಜಿಪ್ ಹಾಕಿರಿ, ಕೋತಿಗಳಿಗೆ ಲೆನ್ಸ್ ಕ್ಯಾಪ್ ಕೂಡ ತಿಂಡಿಯೇ. ಇನ್ನು ಗಾಳಿ. ದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಫ್ಲ್ಯಾಶಿನ ಬೆಳಕು ಮೆತ್ತಗಾಗಿಸುವ ಛತ್ರಿಯನ್ನು ಸ್ಟ್ಯಾಂಡಿಗೆ ಕಟ್ಟಿದರೆ ಅದು ಹಾಯಿಯಾಗುತ್ತದೆ, ಫ್ಲ್ಯಾಶ್ ಸಮೇತ ಮಗುಚುತ್ತದೆ. ಹೊರಗೆ ಛತ್ರಿ ಬೇಕೇ ಬೇಕು ಅಂದರೆ ಸ್ಟ್ಯಾಂಡಿನ ಬುಡಕ್ಕೆ ಐದಾರು ಕಿಲೊ ಮರಳಿನ ಚೀಲ, ಜೊತೆಗೆ ಹಿಡಿದುಕೊಳ್ಳಲು ಒಬ್ಬ ಗೆಳೆಯ.

ದಾವಣಗೆರೆಯಲ್ಲಿ ಕಲಿಯಲು ಒಳ್ಳೆಯ ಜಾಗ ಮಂಡಕ್ಕಿ ಭಟ್ಟಿ. ಗೋಡೆಗಳು ಹೊಗೆ ಹಿಡಿದು ಕರ್ರಗಿರುತ್ತವೆ, ಯಾವ ಕಡೆಯಿಂದಲೂ ಬೆಳಕು ಪುಟಿಯುವುದಿಲ್ಲ; ಕರಿ ಕಂಬಳಿಯಿಂದ ಮಾಡಿದ ಕೋಣೆ ಇದ್ದಂತೆ. ಬೆಳಕು ಬರುವುದು ಬಾಗಿಲಿನಿಂದ ಮತ್ತು ಒಲೆಯಿಂದ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಕೆಂಪು: ಬಾಗಿಲಿನ ಬೆಳಕು 5500 ಕೆಲ್ವಿನ್ ಆಸುಪಾಸು, ಬೆಂಕಿಯದು 2000. ವೈಟ್ ಬ್ಯಾಲೆನ್ಸ್ ಅನ್ನು 5200ಕ್ಕೆ ಕಟ್ಟಿಹಾಕಿ ಮುಖವನ್ನು ಬಾಗಿಲಿಗೆ ತಿರುಗಿಸಿದರೆ ಚರ್ಮ ಸಹಜವಾಗಿ ಬರುತ್ತದೆ, ಬೆಂಕಿ ಹಿಂದೆ ಕೆಂಪಗೆ ಉಳಿಯುತ್ತದೆ. ಆಟೊದಲ್ಲಿ ಬಿಟ್ಟರೆ ಫ್ರೇಮಿನಲ್ಲಿ ಬೆಂಕಿ ಹೆಚ್ಚಾದಾಗಲೆಲ್ಲ ಮುಖ ನೀಲಿಯಾಗುತ್ತದೆ. ಬಾಗಿಲಿನಿಂದ ನಾಲ್ಕಡಿ ಒಳಗೆ ಎಫ್/2.8, 1/160, ಐಎಸ್‌ಒ 1600ರಿಂದ ಶುರು ಮಾಡಿ. ನೆರಳು ತೀರಾ ಗಟ್ಟಿಯಾದರೆ ಬಿಳಿ ಪ್ಲಾಸ್ಟಿಕ್‌ನ ಖಾಲಿ ಮಂಡಕ್ಕಿ ಚೀಲವನ್ನು ಬಿಡಿಸಿ ಹಿಡಿಸಿದರೆ ಅದೇ ರಿಫ್ಲೆಕ್ಟರ್. ಹೊಗೆ ಮುಖಕ್ಕೂ ಕ್ಯಾಮೆರಾಕ್ಕೂ ನಡುವೆ ಇದ್ದರೆ ಚಿತ್ರ ಮಂಕಾಗುತ್ತದೆ, ಮುಖದ ಹಿಂದೆ ಇದ್ದರೆ ತಲೆಯ ಆಕಾರ ಎದ್ದು ಕಾಣುತ್ತದೆ; ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಬೂದಿ, ಮರಳಿನ ಧೂಳು ಹಾರುವ ಕಡೆ ಲೆನ್ಸ್ ಬದಲಿಸಬೇಡಿ. ಕಾದ ಮರಳಿನ ಮುಂದೆ ಕೆಲಸ ಮಾಡುವವರನ್ನು ನಡುವೆ ನಿಲ್ಲಿಸಲೂಬೇಡಿ. "ಅಣ್ಣಾ, ಇದು ಮುಗಿದ ಮೇಲೆ ಬಾಗಿಲ ಹತ್ರ ಎರಡು ನಿಮಿಷ ನಿಲ್ತೀರಾ?" ಅಂತ ಕೇಳಿ ಕಾದರೆ ನಿಲ್ಲುತ್ತಾರೆ.

ಒಂದೇ ಫ್ಲ್ಯಾಶ್

ಕೊಳ್ಳುವ ಶಕ್ತಿ ಇದ್ದರೆ ಒಂದು ಮ್ಯಾನ್ಯುಯಲ್ ಸ್ಪೀಡ್‌ಲೈಟ್ (ಕೈಯಿಂದಲೇ ಶಕ್ತಿ ಹೊಂದಿಸುವ ಸಣ್ಣ ಫ್ಲ್ಯಾಶ್), ಅದನ್ನು ಕ್ಯಾಮೆರಾದಿಂದ ದೂರದಲ್ಲಿ ಹೊಡೆಸುವ ಟ್ರಿಗರ್, ಸ್ಟ್ಯಾಂಡ್, 43 ಇಂಚಿನ ಬಿಳಿ ಛತ್ರಿ. ಎರಡನೆಯ ಫ್ಲ್ಯಾಶ್ ಮುಂದಿನ ವರ್ಷಕ್ಕಿರಲಿ. ಎರಡಿದ್ದರೆ ಎರಡು ಕಡೆ ನೆರಳು ಬಿದ್ದು ಯಾವುದು ಮುಖ್ಯ ಅಂತ ಮುಖಕ್ಕೇ ಗೊತ್ತಾಗುವುದಿಲ್ಲ.

1/160, ಎಫ್/5.6, ಐಎಸ್‌ಒ 100 ಇಟ್ಟು, ಫ್ಲ್ಯಾಶ್ ಆಫ್ ಮಾಡಿ ಒಂದು ಫ್ರೇಮ್ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಬರದಿದ್ದರೆ ಕೋಣೆಯ ಬೆಳಕು ಕಲಸುತ್ತಿದೆ, ಪರದೆ ಎಳೆಯಿರಿ. ಆಮೇಲೆ ಫ್ಲ್ಯಾಶ್ 1/16 ಶಕ್ತಿಗೆ ಹಾಕಿ, ಮುಖದಿಂದ ನಾಲ್ಕಡಿ ದೂರ, ಕಣ್ಣಿನ ಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ, 45 ಡಿಗ್ರಿ ಪಕ್ಕಕ್ಕೆ. ಹೆಚ್ಚು ಕಡಿಮೆಯಾದರೆ ಶಕ್ತಿಯನ್ನು ಬದಲಿಸಿ, ಸ್ಟ್ಯಾಂಡ್ ಅಲುಗಿಸಬೇಡಿ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. ಈ ಲೆಕ್ಕ ಹಿನ್ನೆಲೆಗೂ ಬರುತ್ತದೆ: ಛತ್ರಿಯಿಂದ ಮುಖ ನಾಲ್ಕಡಿ, ಗೋಡೆ ಎಂಟಡಿ ಇದ್ದರೆ ಬಿಳಿ ಗೋಡೆ ಬೂದಾಗುತ್ತದೆ. ಮುಖ ಮೂರಡಿ, ಗೋಡೆ ಒಂಬತ್ತಡಿ ಆದರೆ ಮೂರು ಸ್ಟಾಪ್‌ಗಿಂತ ಹೆಚ್ಚು ಇಳಿದು ಕಡುಬೂದು. ಬಣ್ಣದ ಬ್ಯಾಕ್‌ಡ್ರಾಪ್ ಕೊಳ್ಳುವ ಮುಂಚೆ ಈ ಅಳತೆ ಆಡಿಸಿ ನೋಡಿ.

ಫ್ರೇಮಿನ ಒಂದು ಅಂಚಿಗೆ ಕಪ್ಪು ಪಟ್ಟೆ ಬಂದರೆ ಶಟರ್ ವೇಗ ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಹೊಂದುವ ಅತಿ ಹೆಚ್ಚಿನ ವೇಗ) ದಾಟಿದೆ ಎಂದರ್ಥ, ಬಹಳಷ್ಟು ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಕನ್ನಡಕದಲ್ಲಿ ಛತ್ರಿ ಕಂಡರೆ ಸ್ಟ್ಯಾಂಡ್ ಇನ್ನಷ್ಟು ಎತ್ತರಿಸಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿ ಕೂರಿಸಿ. ಗಾಜು ಕೆಳಗೆ ಬಾಗಿ ಪ್ರತಿಫಲನ ಹೊರಗೆ ಹೋಗುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಜರಿ ಸುಟ್ಟಂತೆ ಬಂದರೂ ಇದೇ ಉಪಾಯ, ಬೆಳಕಿನ ಕೋನ ಬದಲಿಸುವುದು. ಮನೆಯ ಎಲ್‌ಇಡಿ ಬಲ್ಬಿನಲ್ಲಿ ತೆಗೆಯುವವರಿಗೆ ಪಟ್ಟೆ ಬೇರೆ ಕಾರಣಕ್ಕೆ ಬರುತ್ತದೆ: ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ನಿಲ್ಲುತ್ತದೆ.

ಕಂಪ್ಯೂಟರ್ ಮುಂದೆ

ಲೈಟ್‌ರೂಮ್, ಫೋಟೊಶಾಪ್ ಇಲ್ಲದವರಿಗೆ ಡಾರ್ಕ್‌ಟೇಬಲ್, ಗಿಂಪ್ ಉಚಿತ, ಪ್ರಾಜೆಕ್ಟ್‌ಗೆ ಧಾರಾಳ ಸಾಕು. ತೆಗೆದ ನೂರರಲ್ಲಿ ಐದಾರನ್ನು ಆರಿಸಿದ ಮೇಲೆಯೇ ಯಾವ ಸ್ಲೈಡರನ್ನಾದರೂ ಮುಟ್ಟಿ.

ಮೊದಲು ಗ್ರೇ ಕಾರ್ಡ್ ಫ್ರೇಮಿನಿಂದ ವೈಟ್ ಬ್ಯಾಲೆನ್ಸ್, ಅದನ್ನೇ ಉಳಿದವಕ್ಕೆ ಕಾಪಿ. ಆಮೇಲೆ ಎಕ್ಸ್‌ಪೋಷರ್. ಲೈಟ್‌ರೂಮ್ ಅಳತೆಯಲ್ಲಿ ಹೈಲೈಟ್ಸ್ (ಅತಿ ಬೆಳಕಿನ ಭಾಗ) ಮೈನಸ್ 30ರಿಂದ 60ರ ನಡುವೆ, ವಿಭೂತಿಯ ಗೀರುಗಳು ಕಾಣುವವರೆಗೆ. ಶ್ಯಾಡೋಸ್ (ನೆರಳಿನ ಭಾಗ) ಪ್ಲಸ್ 20ರ ಒಳಗೆ. ಪ್ರಾಜೆಕ್ಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಶ್ಯಾಡೋಸ್ ಅನ್ನು 70, 80ಕ್ಕೆ ಎಳೆದರೆ, ಅರ್ಧ ಗಂಟೆ ಕಿಟಕಿಯ ಹತ್ತಿರ ಹುಡುಕಿದ ತ್ರಿಕೋನ ಕರಗಿ ಮುಖ ದೋಸೆಯಾಗುತ್ತದೆ. ಅಷ್ಟು ಎತ್ತಬೇಕು ಅನ್ನಿಸಿದರೆ ಥರ್ಮಾಕೋಲ್ ದೂರವಿತ್ತು ಎಂದು ಬರೆದಿಟ್ಟುಕೊಂಡು ಮತ್ತೆ ತೆಗೆಯಿರಿ.

ಚರ್ಮದ ಬಣ್ಣವನ್ನು ಸಂಖ್ಯೆಯಲ್ಲೂ ನೋಡಿ. ಬೆಳಕಿನ ಕೆನ್ನೆಯ ಮೇಲೆ ಕರ್ಸರ್ ಇಟ್ಟರೆ ಕೆಂಪು ಎಲ್ಲಕ್ಕಿಂತ ಹೆಚ್ಚು, ಹಸಿರು ನಡುವೆ, ನೀಲಿ ಕಡಿಮೆ ಇರಬೇಕು. ಗೋಧಿ ಬಣ್ಣಕ್ಕೆ 180, 130, 100 ಸುಮಾರು ಹೀಗೆ. ಹಸಿರು ಕೆಂಪಿನ ಹತ್ತಿರ ಬಂದರೆ ಕಾಮಾಲೆ ಬಂದವರಂತೆ, ನೀಲಿ ಹಸಿರಿನ ಹತ್ತಿರ ಬಂದರೆ ಬೂದಿ ಮೆತ್ತಿದಂತೆ ಕಾಣುತ್ತಾರೆ. ಕಿತ್ತಳೆ ಬಣ್ಣದ ಲ್ಯೂಮಿನನ್ಸ್ (ಹೊಳಪು) ಸ್ಲೈಡರ್ ಬಲಕ್ಕೆ ಎಳೆದರೆ ಮುಖ ತಕ್ಷಣ ಬೆಳ್ಳಗಾಗುತ್ತದೆ. ಮದುವೆ ಆಲ್ಬಂಗಳಲ್ಲಿ ಅದನ್ನೇ ಎಳೆದೆಳೆದು, ಕುತ್ತಿಗೆ ಒಂದು ಬಣ್ಣ, ಕೈ ಒಂದು ಬಣ್ಣ, ಮುಖ ಇನ್ನೊಂದು ಬಣ್ಣ ಆಗಿರುವುದನ್ನು ಎಲ್ಲರೂ ನೋಡಿದ್ದೇವೆ. "ಸ್ವಲ್ಪ ಬೆಳ್ಳಗೆ ಮಾಡಿ" ಅಂತ ಕೂತವರೇ ಕೇಳಿದರೂ, ಒಟ್ಟು ಎಕ್ಸ್‌ಪೋಷರ್ ಕಾಲು ಸ್ಟಾಪ್ ಏರಿಸಿ ತೋರಿಸಿ. ಬಹಳ ಸಲ ಅವರಿಗೆ ಬೇಕಾದದ್ದು ಅಷ್ಟೇ.

ಕಲೆ ತೆಗೆಯುವುದು ಹೊಸ ಲೇಯರಿನಲ್ಲಿ (ಚಿತ್ರದ ಮೇಲಿನ ಬೇರೆ ಪದರ), ಪಕ್ಕದ ಚರ್ಮದಿಂದ ಕಲೆ ಮುಚ್ಚುವ ಹೀಲಿಂಗ್ ಬ್ರಷ್‌ನಿಂದ. ಹದಿನೈದು ದಿನದಲ್ಲಿ ತಾನೇ ಹೋಗುವ ಮೊಡವೆ, ಗೀರು ತೆಗೆಯಿರಿ. ಮಚ್ಚೆ, ಹಳೆಯ ಗಾಯದ ಗುರುತು, ಸುಕ್ಕು ಅವರದೇ, ಇರಲಿ. ಎಲೆಅಡಿಕೆ ಹಾಕುವವರ ಹಲ್ಲಿನ ಕೆಂಪನ್ನು ಸ್ಯಾಚುರೇಷನ್ ಮೈನಸ್ 20ರಷ್ಟು ಇಳಿಸಿದರೆ ಸಾಕು, ಹಾಲಿನಂತೆ ಮಾಡಿದರೆ ಹಲ್ಲಿನ ಸೆಟ್ಟು ಕಟ್ಟಿಸಿದಂತೆ ಕಾಣುತ್ತದೆ. ಕಣ್ಣಿನ ಬಿಳಿಯನ್ನು 0.3 ಸ್ಟಾಪ್‌ಗಿಂತ ಏರಿಸಬೇಡಿ.

ಆಮೇಲೆ ಡಾಡ್ಜ್ ಮತ್ತು ಬರ್ನ್, ಅಂದರೆ ಬೇಕಾದ ಕಡೆ ಬೆಳಗಿಸುವುದು, ಬೇಕಾದ ಕಡೆ ಕಪ್ಪಾಗಿಸುವುದು. ಹೊಸ ಲೇಯರ್, ಸಾಫ್ಟ್ ಲೈಟ್ ಮೋಡ್, ಶೇ 50 ಬೂದು ತುಂಬಿ. ಬ್ರಷ್ ಮೆತ್ತಗಿರಲಿ, ಫ್ಲೋ (ಒಂದು ಸಲಕ್ಕೆ ಬಳಿಯುವ ಬಣ್ಣದ ಪ್ರಮಾಣ) ಶೇ 3ರಿಂದ 5. ಬಿಳಿಯಿಂದ ಬೆಳಕಿನ ಕೆನ್ನೆಯ ಮೂಳೆ, ಮೂಗಿನ ಏಣು. ಕಪ್ಪಿನಿಂದ ದವಡೆಯ ಅಂಚು, ಕೆನ್ನೆಯ ತಗ್ಗು. ಬೆಳಕು ಎಡದಿಂದ ಬಂದಿದ್ದರೆ ಬಲಗೆನ್ನೆಗೆ ಬಿಳಿ ಬಳಿಯಬೇಡಿ. ಬ್ರಷ್ ಕಿಟಕಿಯ ದಿಕ್ಕಿನಲ್ಲೇ ನಡೆಯಬೇಕು, ಇಲ್ಲದಿದ್ದರೆ ಕಣ್ಣಿನ ಹೊಳಪು ಒಂದು ಹೇಳುತ್ತದೆ, ಕೆನ್ನೆ ಇನ್ನೊಂದು ಹೇಳುತ್ತದೆ. ಐದು ನಿಮಿಷಕ್ಕೊಮ್ಮೆ ಲೇಯರ್ ಆಫ್ ಮಾಡಿ ಆನ್ ಮಾಡಿ ನೋಡಿ. ಚರ್ಮದ ರಂಧ್ರಗಳನ್ನು ಒಂದು ಲೇಯರಿಗೆ, ಬಣ್ಣ ಮತ್ತು ನೆರಳನ್ನು ಮಬ್ಬು ಮಾಡಿದ ಇನ್ನೊಂದು ಲೇಯರಿಗೆ ಬೇರ್ಪಡಿಸುವ ಫ್ರೀಕ್ವೆನ್ಸಿ ಸೆಪರೇಷನ್ ಈಗಲೇ ಬೇಡ. ಬ್ಲರ್ ತ್ರಿಜ್ಯ ತುಸು ಹೆಚ್ಚಾದರೂ ನೆರಳು ಬೆಳಕಿನ ಗಡಿ ಕಲಸಿ, ಮೇಲೆ ರಂಧ್ರ ಮಾತ್ರ ಉಳಿದು, ಮುಖ ಕಿತ್ತಳೆ ಸಿಪ್ಪೆಯಂತಾಗುತ್ತದೆ.

ಪ್ರಿಂಟಿಗೆ 8×12 ಇಂಚು ಅಂದರೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 2400×3600 ಪಿಕ್ಸೆಲ್. ಹೆಚ್ಚಿನ ಡಿಎಸ್‌ಎಲ್‌ಆರ್ ಫ್ರೇಮ್ ಕತ್ತರಿಸದೆ ಕೂರುತ್ತದೆ. 8×10 ಕೇಳಿದರೆ ಎರಡಿಂಚು ಹೋಗುತ್ತದೆ, ತೆಗೆಯುವಾಗಲೇ ತಲೆಯ ಮೇಲೆ ಜಾಗ ಬಿಡಿ. ಲ್ಯಾಬಿಗೆ ಎಸ್‌ಆರ್‌ಜಿಬಿ (ಸಾಮಾನ್ಯವಾಗಿ ಬಳಸುವ ಬಣ್ಣದ ಮಾನಕ) ಫೈಲ್ ಕೊಡಿ. ಪ್ರಿಂಟ್ ಕಪ್ಪಾಗಿ ಬಂದರೆ ಲ್ಯಾಬಿನವರನ್ನು ಬೈಯುವ ಮೊದಲು ಮಾನಿಟರ್ ನೋಡಿ. ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಎಡಿಟ್ ಮಾಡಿದ ಚಿತ್ರ ಕಾಗದದ ಮೇಲೆ ಕಪ್ಪಾಗಿಯೇ ಬರುವುದು. ಪರದೆಯ ಪಕ್ಕ ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಬಿಳುಪು ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ, 4×6ರಲ್ಲಿ ಒಂದು ಟೆಸ್ಟ್ ಪ್ರಿಂಟ್ ಹಾಕಿಸಿ.

ಪ್ರಾಜೆಕ್ಟ್ ಪುಸ್ತಕ

"ಈ ಚಿತ್ರದಲ್ಲಿ ನಾನು ಭಾವನೆಯನ್ನು ಸೆರೆಹಿಡಿಯಲು ಪ್ರಯತ್ನಿಸಿದ್ದೇನೆ" ಎಂಬ ವಾಕ್ಯ ಎಲ್ಲರ ಪುಸ್ತಕದಲ್ಲೂ ಇರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಪ್ರತಿ ಚಿತ್ರಕ್ಕೂ ಮೇಲಿನಿಂದ ನೋಡಿದಂತೆ ಒಂದು ನಕ್ಷೆ ಬರೆಯಿರಿ: ಕೂತವರು ಒಂದು ಸೊನ್ನೆ, ಕಿಟಕಿ ಒಂದು ಗೆರೆ, ಥರ್ಮಾಕೋಲ್, ಕಂಬಳಿ, ಕ್ಯಾಮೆರಾ, ನಡುವಿನ ಅಡಿಗಳು. ಪಕ್ಕದಲ್ಲಿ ಹೊತ್ತು, ಸೆಟ್ಟಿಂಗ್, ಎರಡು ಕೆನ್ನೆಗಳ ಸ್ಟಾಪ್ ವ್ಯತ್ಯಾಸ. ಕೆಳಗೆ ಬಿಟ್ಟುಬಿಟ್ಟ ಒಂದು ಫ್ರೇಮನ್ನು ಸಣ್ಣದಾಗಿ ಅಂಟಿಸಿ, ಏಕೆ ಬಿಟ್ಟಿರಿ ಎಂದು ಎರಡು ಸಾಲು: "ಗದ್ದದ ಕೆಳಗೆ ಅಂಗಳದ ಕೆಂಪು, ರಟ್ಟು ಇಟ್ಟಿರಲಿಲ್ಲ." ಎಡಿಟಿಂಗ್‌ನಲ್ಲಿ ಮುಟ್ಟಿದ ಸ್ಲೈಡರ್‌ಗಳ ಅಂಕಿ ಅದರ ಮುಂದೆ. ನಕ್ಷೆಯನ್ನು ಅದೇ ದಿನ ಬರೆಯಿರಿ. ವಾರ ಬಿಟ್ಟರೆ ಎಡ ಬಲ ಅದಲು ಬದಲಾಗುತ್ತದೆ.

ಪುಸ್ತಕ ಒಪ್ಪಿಸುವ ಮುಂಚೆ ಪ್ರತಿ ಚಿತ್ರವನ್ನೂ ಶೇ 200ಕ್ಕೆ ಹಿಗ್ಗಿಸಿ ಕಣ್ಣಿನ ಪಾಪೆ ನೋಡಿ. ಅಲ್ಲಿ ಕಿಟಕಿಯ ಚೌಕ, ಅದರ ಸರಳುಗಳು, ಇನ್ನೊಂದು ಮೂಲೆಯಲ್ಲಿ ಥರ್ಮಾಕೋಲಿನ ಮಸುಕು ಪಟ್ಟಿ, ಒಮ್ಮೊಮ್ಮೆ ಕ್ಯಾಮೆರಾ ಹಿಡಿದು ನಿಂತ ನೀವೂ ಕಾಣುತ್ತೀರಿ. ನಿಮ್ಮ ನಕ್ಷೆಯಲ್ಲಿ ಕಿಟಕಿ ಎಡಕ್ಕಿದ್ದು ಪಾಪೆಯಲ್ಲಿ ಬಲಕ್ಕಿದ್ದರೆ, ತಿದ್ದಬೇಕಾದದ್ದು ನಕ್ಷೆ.